ಇದೊಂದು ಸಲ ಅಷ್ಟೇ

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಎಲ್ಲೋ ಒಂದು ಕಡೆ ಕೆಲಸ ಮಾಡುವವರು. ಅದಕ್ಕೇ ಮೊದಲು ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ನಿಮ್ಮ ಸಾಹೇಬರೋ, ಪಕ್ಕದ ಸೀಟಿನವರೋ ಹತ್ತಿರ ಬಂದು, ದನಿ ಸ್ವಲ್ಪ ತಗ್ಗಿಸಿ, "ಇದೊಂದು ಸಲ ಅಷ್ಟೇ, ಮುಂದಿನ ತಿಂಗಳು ಸರಿ ಮಾಡಿಬಿಡೋಣ" ಅಂತ ಯಾವತ್ತಾದರೂ ಹೇಳಿದ್ದಾರಾ? ಹೇಳಿದ್ದರೆ ಕೈ ಎತ್ತಿ.

ನೋಡಿ, ಮೊದಲು ನಾಲ್ಕೈದು ಕೈ. ಈಗ ಅಕ್ಕಪಕ್ಕ ನೋಡಿಕೊಂಡು ಅರ್ಧ ಸಭೆ. ಸಾಕು, ಇಳಿಸಿ. ನಾನು ಇವತ್ತು ಮಾತಾಡಲು ಬಂದಿರುವುದು ಆ ಒಂದು ವಾಕ್ಯದ ಬಗ್ಗೆ. ಬಿಸಿನೆಸ್ ಎಥಿಕ್ಸ್ ಅಂದ ತಕ್ಷಣ ಲಂಚ, ಸಾವಿರಾರು ಕೋಟಿ, ಜೈಲು ಇವೇ ಕಣ್ಣ ಮುಂದೆ ಬರುತ್ತವೆ ಅಲ್ವಾ? ಅದೆಲ್ಲಾ ಕೊನೆಯ ಅಂಕ. ಮೊದಲ ಅಂಕ ನಡೆಯುವುದು ಒಂದು ಸಾಧಾರಣ ಮೇಜಿನ ಹತ್ತಿರ, ಒಬ್ಬ ಒಳ್ಳೆಯ ಮನುಷ್ಯನ ಮುಂದೆ, ಬಹಳ ಸಲ ಇದೇ ವಾಕ್ಯದಿಂದ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಟರ್ನಲ್ ಆಡಿಟ್, ಅಂದರೆ ಕಂಪನಿಯ ಲೆಕ್ಕವನ್ನು ಒಳಗಿನವರೇ ಪರಿಶೀಲಿಸುವ ತಂಡದಲ್ಲಿದ್ದೆ. ಒಂದು ಕಾರ್ಖಾನೆಗೆ ಕಳಿಸಿದರು. ಲೆಕ್ಕದ ವರ್ಷ ಮುಗಿದು ಹತ್ತು ದಿನ ಆಗಿತ್ತು. ವರ್ಷದ ಕೊನೆಯ ವಾರದ ಇನ್‌ವಾಯ್ಸ್‌ಗಳನ್ನು ಒಂದೊಂದಾಗಿ ತೆಗೆದುಕೊಂಡು, ಆ ಮಾಲು ನಿಜವಾಗಿ ಗೇಟ್ ದಾಟಿ ಹೋಗಿದೆಯಾ ಅಂತ ನೋಡುವುದು ನನ್ನ ಕೆಲಸ. ಮಾಲು ಗೋಡೌನಿನಲ್ಲೇ ಇದ್ದು ಬಿಲ್ ಮಾತ್ರ ಆಗಿದ್ದರೆ ಅದು ಆ ವರ್ಷದ ಮಾರಾಟ ಅಲ್ಲ. ಕಂಪ್ಯೂಟರಿನಲ್ಲಿ ಎಲ್ಲಾ ಸರಿಯಾಗಿತ್ತು. ಡೆಲಿವರಿ ಚಲನ್ ಇತ್ತು, ಗೇಟ್ ಪಾಸಿನ ಮೇಲೆ ಸಹಿ ಇತ್ತು, ಸೀಲೂ ಇತ್ತು. ಕೊನೆಗೆ ಸುಮ್ನೆ ಒಂದು ಸಲ ನೋಡೋಣ ಅಂತ ಗೇಟಿಗೆ ಹೋದೆ. ಅಲ್ಲಿ ಸೆಕ್ಯೂರಿಟಿಯವರು ಕೈಯಲ್ಲಿ ಬರೆಯುವ ರಟ್ಟು ಹೊದಿಸಿದ ಉದ್ದನೆಯ ರಿಜಿಸ್ಟರ್ ಇತ್ತು. ಲಾರಿ ನಂಬರ್, ಡ್ರೈವರ್ ಹೆಸರು, ಹೊರಗೆ ಹೋದ ಹೊತ್ತು, ಎಲ್ಲಾ ನೀಲಿ ಇಂಕಿನಲ್ಲಿ. ನನ್ನ ಪಟ್ಟಿಯಲ್ಲಿದ್ದ ಹನ್ನೊಂದು ಲಾರಿಗಳೂ ಹೊಸ ವರ್ಷದ ಮೂರನೇ ದಿನ ಹೊರಟಿದ್ದವು.

ಆ ಸೆಕ್ಯೂರಿಟಿಯವರು ವಯಸ್ಸಾದವರು. "ಹಳೇ ತಾರೀಖು ಹಾಕಿ ಅಂತ ನಿಮಗೆ ಯಾರೂ ಹೇಳಲಿಲ್ವಾ?" ಅಂತ ಕೇಳಿದೆ. "ಹೇಳಿದ್ರು ಸಾರ್. ಲಾರಿ ಹೋದಾಗ ಬರೀತೀನಿ, ಹೋಗೋಕೆ ಮುಂಚೆ ಬರೆಯೋಕೆ ನಂಗೆ ಬರಲ್ಲ ಅಂದೆ" ಅಂದರು. ಅಷ್ಟೇ. ದೊಡ್ಡ ಮಾತು ಏನೂ ಆಡಲಿಲ್ಲ, ಮತ್ತೆ ಲೈನಿನಲ್ಲಿ ನಿಂತಿದ್ದ ಗಾಡಿಯ ಕಡೆ ಹೋದರು.

ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದವರೂ ಕೆಟ್ಟವರೇನಲ್ಲ, ಒಂದು ಪೈಸೆ ಜೇಬಿಗೆ ಹಾಕಿಕೊಂಡವರಲ್ಲ. ಟಾರ್ಗೆಟ್‌ಗೆ ಸ್ವಲ್ಪ ಕಡಿಮೆ ಬಿದ್ದಿತ್ತು, ಮೇಲಿನಿಂದ ಫೋನ್ ಬಂದಿತ್ತು, ಇದೊಂದು ಸಲ ಅಂದಿದ್ದರು. ನಾನು ಕರಡು ವರದಿಯಲ್ಲಿ ಬರೆದೆ: ಹನ್ನೊಂದು ಲಾರಿ ಮಾಲನ್ನು ಕಳಿಸುವ ಮೊದಲೇ ಮಾರಾಟ ಅಂತ ತೋರಿಸಲಾಗಿದೆ. ನನ್ನ ಮೇಲಿನವರು ಅದನ್ನು "ಕೆಲವು ರವಾನೆಗಳ ದಾಖಲೆಯಲ್ಲಿ ತಾರೀಖಿನ ವ್ಯತ್ಯಾಸ" ಅಂತ ಮಾಡಿದರು. ಅವರ ಮೇಲಿನವರು ಇನ್ನೊಂದು ಸುತ್ತು ತಿದ್ದಿದರು. ಲೆಕ್ಕಪತ್ರದ ಮೇಲೆ ಕಣ್ಣಿಡುವ ನಿರ್ದೇಶಕರ ಆಡಿಟ್ ಕಮಿಟಿಗೆ ಹೋದ ಕಾಗದದಲ್ಲಿ ಉಳಿದದ್ದು "ದಾಖಲೆ ನಿರ್ವಹಣೆಯಲ್ಲಿ ಸುಧಾರಣೆಗೆ ಅವಕಾಶವಿದೆ" ಅನ್ನುವ ಒಂದು ಸಾಲು. ಯಾರೂ ಸುಳ್ಳು ಬರೆದಿರಲಿಲ್ಲ. ಆದರೆ ಲಾರಿಗಳು ಹನ್ನೊಂದೂ ಮಾಯವಾಗಿದ್ದವು. ನಾನೂ ಬಾಯಿ ಮುಚ್ಚಿಕೊಂಡು ಕೂತೆ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಅವತ್ತಿನಿಂದ ಯಾವ ಸಂಸ್ಥೆಯನ್ನು ನೋಡಿದರೂ ನನಗೆ ಮೊದಲು ಹುಟ್ಟುವ ಪ್ರಶ್ನೆ ಇದೇ. ಗೇಟಿನಲ್ಲಿ ಗೊತ್ತಿರುವ ಸತ್ಯ, ಮೇಲಿನ ಮಹಡಿಯ ಮೇಜಿಗೆ ಬರುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ? ಕೆಟ್ಟ ಸುದ್ದಿ ಹತ್ತಿ ಬರಲು ಇಲ್ಲಿ ಮೆಟ್ಟಿಲು ಇದೆಯಾ? ಕಾರ್ಪೊರೇಟ್ ಗವರ್ನೆನ್ಸ್ ಅನ್ನುವ ದೊಡ್ಡ ಹೆಸರಿನ ಅಡಿಯಲ್ಲಿ ನಾವು ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಆ ಮೆಟ್ಟಿಲು ಕಟ್ಟುವುದು, ಅದನ್ನು ಯಾರೂ ಕೆಡವದ ಹಾಗೆ ನೋಡಿಕೊಳ್ಳುವುದು. ಇದು ನನ್ನ ಅಭಿಪ್ರಾಯ, ನೀವು ಒಪ್ಪಲೇಬೇಕು ಅಂತಿಲ್ಲ, ಆದರೆ ಕೊನೆಯವರೆಗೂ ಕೇಳಿ.

ಈಗ ಇದೇ ಆಕಾರದ, ಆದರೆ ಬಹಳ ದೊಡ್ಡ ಕಥೆ ಒಂದು. ವರ್ಲ್ಡ್‌ಕಾಮ್ ಅಂತ ಅಮೆರಿಕದಲ್ಲಿ ಒಂದು ಟೆಲಿಫೋನ್ ಕಂಪನಿ ಇತ್ತು. ಬೇರೆ ಕಂಪನಿಗಳ ಲೈನ್ ಬಳಸಿದ್ದಕ್ಕೆ ಕೊಡಬೇಕಾದ ಹಣವೇ ಅದರ ಅತಿ ದೊಡ್ಡ ಖರ್ಚು. 2000ದ ಅಕ್ಟೋಬರಿನಲ್ಲಿ ಮೂರು ತಿಂಗಳ ಲೆಕ್ಕ ಹಾಕಿದಾಗ, ಷೇರುಪೇಟೆಯ ನಿರೀಕ್ಷೆಗೆ ಲಾಭ ಸಾಲಲಿಲ್ಲ. ಬೇರೆ ಬೇರೆ ಬಾಕಿಗಳಿಗೆ ಅಂತ ಎತ್ತಿಟ್ಟಿದ್ದ ಮೀಸಲಿನಿಂದ 82.8 ಕೋಟಿ ಡಾಲರ್ ಎಳೆದು ಈ ಖರ್ಚನ್ನು ಕಡಿಮೆ ಮಾಡಿ ತೋರಿಸಿ ಅಂತ ಲೆಕ್ಕ ವಿಭಾಗದ ಮಧ್ಯಮ ಹಂತದವರಿಗೆ ಹೇಳಿದರು. ಇದು ಸರಿಯಲ್ಲ ಅಂತ ಅವರಿಗೆ ಗೊತ್ತಿತ್ತು. ಎಂಟ್ರಿ ಹಾಕಿದರು, ಹಾಕಿದ ಮೇಲೆ ಇಬ್ಬರು ನಾವು ಕೆಲಸ ಬಿಡುತ್ತೇವೆ ಅಂದರು. ಆಗ ಸಿಎಫ್‌ಒ, ಅಂದರೆ ಹಣಕಾಸಿನ ಮುಖ್ಯಸ್ಥ, ಸ್ಕಾಟ್ ಸಲಿವನ್ ಅವರಿಗೆ ಹೇಳಿದ ಮಾತು ಆಮೇಲೆ ಕೋರ್ಟಿನಲ್ಲಿ ಹೊರಬಂತು. ನಾವು ಒಂದು ವಿಮಾನವಾಹಕ ಹಡಗು ಇದ್ದ ಹಾಗೆ, ವಿಮಾನಗಳು ಇನ್ನೂ ಆಕಾಶದಲ್ಲಿವೆ, ಮೊದಲು ಅವನ್ನು ಇಳಿಸಿಕೊಳ್ಳೋಣ, ಆಮೇಲೂ ಹೋಗಬೇಕು ಅನಿಸಿದರೆ ಹೋಗಿ. ಇದು ಅವರ ಮಾತಿನ ಸಾರ.

ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ತಪ್ಪು ಮಾಡಿ ಅಂತ ಎಲ್ಲೂ ಇಲ್ಲ. ಸಹೋದ್ಯೋಗಿಗಳನ್ನು ನಡು ಆಕಾಶದಲ್ಲಿ ಕೈಬಿಡಬೇಡಿ ಅಂತ ಇದೆ. ಒಳ್ಳೆಯವರನ್ನು ಒಪ್ಪಿಸುವುದು ಅವರ ದುರಾಸೆಯಿಂದ ಅಲ್ಲ, ಅವರ ಒಳ್ಳೆಯತನದಿಂದಲೇ. ಅವರು ಉಳಿದರು. ಮುಂದಿನ ಮೂರು ತಿಂಗಳಿಗೆ ಮತ್ತೆ ಕೊರತೆ ಬಂತು. 2001ರಲ್ಲಿ ಮೀಸಲು ಸಾಲದೆ, ಲಾಭ ಕಡಿಮೆ ಕಾಣದ ಹಾಗೆ ಆ ಖರ್ಚನ್ನೇ ಎತ್ತಿ ಆಸ್ತಿ ಅಂತ ಬರೆಯಲು ಶುರು ಮಾಡಿದರು. 2002ರ ಜೂನಿನಲ್ಲಿ ಹೊರಬಿದ್ದಾಗ ಕಂಪನಿ ಹೇಳಿದ ಮೊತ್ತ 380 ಕೋಟಿ ಡಾಲರ್, ಕೊನೆಗೆ ಅದು ಸುಮಾರು 1,100 ಕೋಟಿ ಡಾಲರಿಗೆ ಬೆಳೆಯಿತು. ಕಂಪನಿ ದಿವಾಳಿ ಎದ್ದಿತು. ಮುಖ್ಯಸ್ಥ ಬರ್ನಾರ್ಡ್ ಎಬರ್ಸ್‌ಗೆ 25 ವರ್ಷ ಶಿಕ್ಷೆ ಆಯಿತು. ಕೆಲಸ ಬಿಡುತ್ತೇವೆ ಅಂದಿದ್ದ ಆ ಇಬ್ಬರಲ್ಲಿ ಒಬ್ಬರು ಹೆಣ್ಣುಮಗಳು, ಮನೆ ಬಹುಪಾಲು ಅವರ ಸಂಬಳದ ಮೇಲೆ ನಿಂತಿತ್ತು. ತಪ್ಪೊಪ್ಪಿಕೊಂಡು ಸಾಕ್ಷಿ ಹೇಳಿದರು, ಆದರೂ ಐದು ತಿಂಗಳು ಜೈಲಿಗೆ ಹೋಗಬೇಕಾಯಿತು.

ಈ ಕಥೆಯ ಇನ್ನೊಂದು ತುದಿ ನನಗೆ ಹೆಚ್ಚು ಮುಖ್ಯ. ಇದನ್ನು ಹೊರಗೆ ತಂದವರು ಹೊರಗಿನ ಆಡಿಟರ್ ಅಲ್ಲ, ಸರ್ಕಾರದವರೂ ಅಲ್ಲ. ಅದೇ ಕಂಪನಿಯ ಇಂಟರ್ನಲ್ ಆಡಿಟ್ ಮುಖ್ಯಸ್ಥೆ ಸಿಂಥಿಯಾ ಕೂಪರ್ ಮತ್ತು ಅವರ ಸಣ್ಣ ತಂಡ. ರಾತ್ರಿ ಹೊತ್ತು ಕೂತು ಎಂಟ್ರಿಗಳನ್ನು ಬಗೆದು ತೆಗೆದರು. ಈ ಆಡಿಟ್ ಸದ್ಯಕ್ಕೆ ಮುಂದಕ್ಕೆ ಹಾಕಿ ಅಂತ ಸಲಿವನ್ ಹೇಳಿದರು. ಅವರು ಹಾಕಲಿಲ್ಲ, ಆಡಿಟ್ ಕಮಿಟಿ ಅಧ್ಯಕ್ಷರ ಹತ್ತಿರ ಹೋದರು. ಅದೇ ಕಂಪನಿ, ಅದೇ ಸಾಹೇಬರು, ಅದೇ ಒತ್ತಡ. ಒಬ್ಬರು ಜೈಲಿಗೆ ಹೋದರು, ಇನ್ನೊಬ್ಬರು ಸತ್ಯ ಹೊರತಂದರು. ಕೂಪರ್ ಅವರಿಗೆ ಧೈರ್ಯ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಿಗೆ ತಟ್ಟಲು ಒಂದು ಬಾಗಿಲೂ ಇತ್ತು, ಸಾಹೇಬರ ಕೋಣೆ ದಾಟಿ ಹೋಗುವ ಬಾಗಿಲು. ಲೆಕ್ಕ ವಿಭಾಗದ ಆ ಹೆಣ್ಣುಮಗಳಿಗೆ ಅಂಥದ್ದು ಇದೆ ಅಂತ ಅನಿಸಲೇ ಇಲ್ಲ. ಧೈರ್ಯವನ್ನು ನಾವು ಯಾರಿಗೂ ಹಂಚಲು ಆಗುವುದಿಲ್ಲ. ಬಾಗಿಲನ್ನು ಕಟ್ಟಿಸಿಕೊಡಬಹುದು.

ಗವರ್ನೆನ್ಸ್ ಅಂದರೆ ಏನು ಅಂತ ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. 1992ರಲ್ಲಿ ಬ್ರಿಟನ್ನಿನಲ್ಲಿ ಏಡ್ರಿಯನ್ ಕ್ಯಾಡ್ಬರಿ ಸಮಿತಿ ಕೊಟ್ಟ ವಿವರಣೆ ಇವತ್ತಿಗೂ ಎಲ್ಲರೂ ಬಳಸುವುದು: ಕಂಪನಿಗಳನ್ನು ನಡೆಸುವ ಮತ್ತು ಹತೋಟಿಯಲ್ಲಿಡುವ ವ್ಯವಸ್ಥೆ. ಯಾಕೆ ಬೇಕು ಅಂದರೆ, ದುಡ್ಡು ಹಾಕಿದವರು ಒಬ್ಬರು, ನಡೆಸುವವರು ಇನ್ನೊಬ್ಬರು. ಬೇರೆಯವರ ದುಡ್ಡನ್ನು ನೋಡಿಕೊಳ್ಳುವವರು ಸ್ವಂತ ದುಡ್ಡಿನಷ್ಟು ಎಚ್ಚರದಿಂದ ನೋಡಿಕೊಳ್ಳುತ್ತಾರೆ ಅಂತ ನಂಬುವ ಹಾಗಿಲ್ಲ ಅಂತ 1776ರಲ್ಲೇ ಆಡಮ್ ಸ್ಮಿತ್ ಎಚ್ಚರಿಸಿದ್ದರು. ಅದಕ್ಕೇ ನಡುವೆ ಒಂದು ನಿರ್ದೇಶಕರ ಮಂಡಳಿ, ಅದರಲ್ಲಿ ಆಡಳಿತಕ್ಕೆ ಸಂಬಂಧವಿಲ್ಲದ ಸ್ವತಂತ್ರ ನಿರ್ದೇಶಕರು, ಆಡಿಟರ್, ಆಡಿಟ್ ಕಮಿಟಿ. ಇಷ್ಟು ನಿಮಗೆಲ್ಲಾ ಗೊತ್ತಿರುವುದೇ.

ಇಷ್ಟೆಲ್ಲಾ ಇದ್ದೂ ಯಾಕೆ ಮುಳುಗುತ್ತವೆ ಅನ್ನುವುದು ಪ್ರಶ್ನೆ. ಅಮೆರಿಕದ ಇಂಧನ ಕಂಪನಿ ಎನ್ರಾನ್ ಹತ್ತಿರ 2000ದ ಜುಲೈನಲ್ಲಿ ಅಚ್ಚಾದ 64 ಪುಟದ ನೀತಿ ಸಂಹಿತೆ ಇತ್ತು. ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆ ಅಂತ ನಾಲ್ಕು ಮೌಲ್ಯಗಳು. ಅದೇ ಹೊತ್ತಿಗೆ ಅದರ ಸಿಎಫ್‌ಒ ಆಂಡ್ರ್ಯೂ ಫಾಸ್ಟೋ, ಎನ್ರಾನ್ ಜೊತೆಗೇ ವ್ಯವಹಾರ ಮಾಡುವ ಪಾಲುದಾರಿಕೆ ಸಂಸ್ಥೆಗಳನ್ನು ತಾವೇ ನಡೆಸುತ್ತಿದ್ದರು. ಕೊಡುವ ಕಡೆಯೂ ಅವರೇ, ಕೊಳ್ಳುವ ಕಡೆಯೂ ಅವರೇ. ಇದು ಸಂಹಿತೆಗೆ ವಿರುದ್ಧ ಅಲ್ವಾ? ಹೌದು. ಅದಕ್ಕೇ ಮಂಡಳಿ 1999ರಿಂದ ಒಂದಕ್ಕಿಂತ ಹೆಚ್ಚು ಸಲ ಸಂಹಿತೆಗೆ ವಿನಾಯಿತಿ ಕೊಟ್ಟಿತು. ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತೇವೆ. ಇಲ್ಲಿ ಬೇಲಿಗೆ ಮೇಯಲು ಒಪ್ಪಿಗೆ ಕೊಟ್ಟಿದ್ದು ಕಾವಲಿಗೆ ಕೂತಿದ್ದವರೇ, ಅದೂ ಸಭೆ ಸೇರಿ. ಆಡಿಟ್ ಮಾಡುತ್ತಿದ್ದ ಆರ್ಥರ್ ಆಂಡರ್ಸನ್ ಸಂಸ್ಥೆ 2000ದಲ್ಲಿ ಅದೇ ಕಂಪನಿಯಿಂದ ಪಡೆದದ್ದು 5.2 ಕೋಟಿ ಡಾಲರ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಡಿಟ್ ಅಲ್ಲದ ಸಲಹೆ ಕೆಲಸಗಳಿಗೆ. ಲೆಕ್ಕ ತಪ್ಪು ಅಂತ ಹೇಳಿದರೆ ಆ ದುಡ್ಡಿನ ಗತಿ ಏನು? 2001ರ ಡಿಸೆಂಬರ್ 2ಕ್ಕೆ ಎನ್ರಾನ್ ದಿವಾಳಿ ಅರ್ಜಿ ಹಾಕಿತು.

ನಮ್ಮದೇ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ತೆಗೆದುಕೊಳ್ಳಿ. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಮಂಡಳಿಗೆ ಬರೆದ ಪತ್ರವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಪುಸ್ತಕದಲ್ಲಿ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕು ಇತ್ತು, ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಹಿಂದಿನ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಕಾರ್ಯಾಚರಣೆ ಲಾಭ 649 ಕೋಟಿ ಅಂತ ತೋರಿಸಿದ್ದರು, ನಿಜದಲ್ಲಿ 61 ಕೋಟಿ ಅಂತ ಪತ್ರದಲ್ಲಿದೆ. ಇದು ಹೇಗೆ ಶುರುವಾಯಿತು ಅನ್ನುವುದನ್ನೂ ಅವರೇ ಬರೆದಿದ್ದಾರೆ: ನಿಜವಾದ ಲಾಭಕ್ಕೂ ಪುಸ್ತಕದ ಲಾಭಕ್ಕೂ ಮೊದಲು ಇದ್ದದ್ದು ಸಣ್ಣ ಅಂತರ, ವರ್ಷ ಕಳೆದ ಹಾಗೆ ಅದು ಹತೋಟಿ ಮೀರಿತು, ಹುಲಿಯ ಮೇಲೆ ಸವಾರಿ ಮಾಡುತ್ತಾ, ಅದರ ಬಾಯಿಗೆ ಬೀಳದೆ ಇಳಿಯುವುದು ಹೇಗೆ ಅಂತ ತಿಳಿಯದ ಸ್ಥಿತಿ ಆಯಿತು. ಇದು ರಾಜು ಅವರ ಕಡೆಯ ಮಾತು, ನ್ಯಾಯಾಲಯ ಅವರನ್ನು 2015ರಲ್ಲಿ ತಪ್ಪಿತಸ್ಥ ಅಂತ ತೀರ್ಮಾನಿಸಿತು. ಆದರೆ ಆ ಸಣ್ಣ ಅಂತರ ಅನ್ನುವ ಪದ ನನ್ನ ಹನ್ನೊಂದು ಲಾರಿಗಳನ್ನು ನೆನಪಿಸುತ್ತದೆ.

ಅಲ್ಲಿ ಮಂಡಳಿ ಇರಲಿಲ್ವಾ? ಇತ್ತು, ಹೆಸರಾಂತ ಸ್ವತಂತ್ರ ನಿರ್ದೇಶಕರಿದ್ದ ಮಂಡಳಿ. 2008ರಲ್ಲಿ ಕಾರ್ಪೊರೇಟ್ ಗವರ್ನೆನ್ಸ್‌ಗೇ ಅಂತ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂದಿತ್ತು, ಆಮೇಲೆ ವಾಪಸ್ ತೆಗೆದುಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ರಾಜು ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳುವ ಪ್ರಸ್ತಾಪ ಮಂಡಳಿಯ ಮುಂದೆ ಬಂತು. ಸಾಫ್ಟ್‌ವೇರ್ ಕಂಪನಿಗೆ ಕಟ್ಟಡ, ಜಮೀನಿನ ಕಂಪನಿಗಳು ಯಾಕೆ? ಒಂದಿಷ್ಟು ಪ್ರಶ್ನೆ ಎದ್ದವು, ಕೊನೆಗೆ ಒಪ್ಪಿಗೆ ಸಿಕ್ಕಿತು. ತಡೆದದ್ದು ಹೂಡಿಕೆದಾರರು. ಅವರು ಎಂಥ ಗಲಾಟೆ ಮಾಡಿದರೆಂದರೆ ಒಂದು ದಿನದೊಳಗೆ ಕಂಪನಿ ಹಿಂದೆ ಸರಿಯಿತು. ಇನ್ನು ಆಡಿಟರ್. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತ ಬ್ಯಾಂಕಿಗೇ ನೇರವಾಗಿ ಬರೆದು ಉತ್ತರ ತರಿಸಿಕೊಳ್ಳುವುದು ಆಡಿಟ್‌ನ ಅ ಆ ಇ ಈ. ಅದನ್ನು ಮಾಡದೆ ಕಂಪನಿ ಕೊಟ್ಟ ಕಾಗದಗಳನ್ನೇ ನಂಬಿದರು ಅಂತ ಅಮೆರಿಕದ ನಿಯಂತ್ರಕರು 2011ರಲ್ಲಿ ಪ್ರೈಸ್ ವಾಟರ್‌ಹೌಸ್‌ನ ಭಾರತದ ಸಂಸ್ಥೆಗಳ ಮೇಲೆ ಒಟ್ಟು 75 ಲಕ್ಷ ಡಾಲರ್ ದಂಡ ಹಾಕಿದರು. ಯೋಚಿಸಿ, ಒಂದೇ ಒಂದು ಪತ್ರ ನೇರವಾಗಿ ಬ್ಯಾಂಕಿಗೆ ಹೋಗಿದ್ದರೆ ಸಾಕಿತ್ತು. ಗೇಟಿಗೆ ಯಾರೂ ಹೋಗಲಿಲ್ಲ.

ಇಲ್ಲಿ ಒಬ್ಬರು ಎದ್ದು, "ಸರ್, ಇವೆಲ್ಲಾ ಮೇಲಿನವರ ಮೋಸ. ಕೆಳಗಿನವರೇ ಮೋಸ ಮಾಡಿದರೆ?" ಅಂದರು. ಒಳ್ಳೆಯ ಪ್ರಶ್ನೆ. ಅದಕ್ಕೆ ವೆಲ್ಸ್ ಫಾರ್ಗೋ ನೋಡಬೇಕು.

ಈ ಅಮೆರಿಕನ್ ಬ್ಯಾಂಕಿನಲ್ಲಿ ಒಬ್ಬ ಗ್ರಾಹಕನಿಗೆ ಎಂಟು ಬಗೆಯ ಖಾತೆ, ಕಾರ್ಡು, ಸಾಲ ಮಾರಬೇಕು ಅನ್ನುವ ಗುರಿ ಇತ್ತು. ಅದಕ್ಕೊಂದು ಪ್ರಾಸದ ಘೋಷಣೆಯೂ ಇತ್ತು. ಶಾಖೆಯ ಕೌಂಟರಿನಲ್ಲಿ ಕೂತವರ ಮೇಲೆ ಪ್ರತಿದಿನ ಲೆಕ್ಕ. ಜನಕ್ಕೆ ಎಂಟು ಖಾತೆ ಬೇಕಾಗಿರಲಿಲ್ಲ, ಆದ್ದರಿಂದ ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆ ಖಾತೆ ತೆರೆದರು. 2016ರ ಸೆಪ್ಟೆಂಬರಿನಲ್ಲಿ 18.5 ಕೋಟಿ ಡಾಲರ್ ದಂಡ ಬಿದ್ದಾಗ ಸುಮಾರು 20 ಲಕ್ಷ ಖಾತೆಗಳ ಮಾತು ಇತ್ತು, ಮುಂದಿನ ವರ್ಷ ಅದು 35 ಲಕ್ಷಕ್ಕೆ ಏರಿತು. ಹಲವು ವರ್ಷಗಳಲ್ಲಿ ಸುಮಾರು 5,300 ಜನರನ್ನು ಇದೇ ತಪ್ಪಿಗೆ ಕೆಲಸದಿಂದ ತೆಗೆದಿದ್ದರು. ನಾವು ಶಿಸ್ತು ಕ್ರಮ ತೆಗೆದುಕೊಂಡಿದ್ದೇವೆ ಅಂತ ಬ್ಯಾಂಕು ಹೇಳಿತು.

ಇಲ್ಲಿ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಒಬ್ಬರು ತಪ್ಪು ಮಾಡಿದರೆ ಅದು ಆ ವ್ಯಕ್ತಿಯ ತಪ್ಪು ಇರಬಹುದು. ಐದು ಸಾವಿರ ಜನ ಒಂದೇ ತಪ್ಪು ಮಾಡಿದರೆ ತಪ್ಪು ಇರುವುದು ಗುರಿಯಲ್ಲಿ. ಆ ಗುರಿ ಇಟ್ಟವರ ಸಂಬಳ, ಬೋನಸ್ ಆ ವರ್ಷಗಳಲ್ಲಿ ಏರುತ್ತಲೇ ಇತ್ತು. ದೊಡ್ಡವರಿಂದ ವಾಪಸ್ ಪಡೆದದ್ದು ಗಲಾಟೆ ಎದ್ದ ಮೇಲೆ. ಎಥಿಕ್ಸ್ ಸಹಾಯವಾಣಿಗೆ ಫೋನ್ ಮಾಡಿದ್ದಕ್ಕೇ ಕೆಲಸ ಹೋಯಿತು ಅಂತ ಹಲವು ಮಾಜಿ ಉದ್ಯೋಗಿಗಳು ಹೇಳಿದರು. ಬಾಗಿಲು ಅಂತ ಬೋರ್ಡ್ ಹಾಕಿ, ಅದರ ಹಿಂದೆ ಗುಂಡಿ ತೋಡಿಟ್ಟ ಹಾಗೆ ಇದು. ಬಾಗಿಲೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಯಾಕೆಂದರೆ ಒಬ್ಬರು ಬಿದ್ದದ್ದನ್ನು ನೋಡಿದ ಉಳಿದವರು ಆಮೇಲೆ ಯಾವ ಬಾಗಿಲನ್ನೂ ನಂಬುವುದಿಲ್ಲ.

ಇನ್ನೊಂದು ಸಭೆಯ ಕಥೆ ಹೇಳಬೇಕು. ಇದರಲ್ಲಿ ಮೋಸ ಇಲ್ಲ, ದುಡ್ಡು ನುಂಗಿದವರೂ ಇಲ್ಲ. 1986ರ ಜನವರಿ 27ರ ಸಂಜೆ. ಮರುದಿನ ಬೆಳಗ್ಗೆ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕು. ರಾಕೆಟ್ ತಯಾರಿಸಿದ ಮಾರ್ಟನ್ ಥಿಯೋಕಾಲ್ ಕಂಪನಿಯ ಎಂಜಿನಿಯರುಗಳು ನಾಸಾದವರ ಜೊತೆ ಫೋನಿನಲ್ಲಿ ಸಭೆ ನಡೆಸುತ್ತಿದ್ದಾರೆ. ಇಷ್ಟು ಚಳಿಯಲ್ಲಿ ರಬ್ಬರ್ ಸೀಲ್‌ಗಳು ಗಡುಸಾಗುತ್ತವೆ, ಹಾರಿಸಬೇಡಿ ಅಂತ ರೋಜರ್ ಬೋಯ್ಸ್‌ಜೋಲಿ ಮತ್ತು ಜೊತೆಗಾರರು ಹೇಳುತ್ತಾರೆ. ನಾಸಾದ ಒಬ್ಬ ಅಧಿಕಾರಿ, ಮತ್ತೆ ಯಾವಾಗ ಹಾರಿಸಬೇಕು ಅಂತೀರಿ, ಬರುವ ಏಪ್ರಿಲ್‌ಗಾ, ಅಂತ ರೇಗುತ್ತಾರೆ. ಕಂಪನಿಯವರು ಫೋನ್ ಸ್ವಲ್ಪ ಹೊತ್ತು ಮ್ಯೂಟ್ ಮಾಡಿ ತಮ್ಮೊಳಗೆ ಮಾತಾಡುತ್ತಾರೆ. ಆಗ ಹಿರಿಯ ಮ್ಯಾನೇಜರ್ ಒಬ್ಬರು ಎಂಜಿನಿಯರಿಂಗ್ ಮುಖ್ಯಸ್ಥರಿಗೆ ಹೇಳಿದ್ದು: ನಿಮ್ಮ ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ. ಅವರು ಹಾಕಿಕೊಂಡರು. ಫೋನ್ ಮತ್ತೆ ಆನ್ ಆದಾಗ ಉತ್ತರ ಬದಲಾಗಿತ್ತು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಛಿದ್ರವಾಯಿತು. ಒಳಗೆ ಏಳು ಜನ ಇದ್ದರು.

ಆ ಸಭೆಯಲ್ಲಿ ಕೆಟ್ಟ ಸುದ್ದಿ ಮೆಟ್ಟಿಲು ಹತ್ತಿ ಮೇಜಿನವರೆಗೆ ಬಂದಿತ್ತು. ಆದರೂ ಸೋತಿತು. ಯಾಕೆ ಅಂದರೆ ಆ ಸಂಜೆ ಪ್ರಶ್ನೆಯೇ ತಿರುಗಿಹೋಗಿತ್ತು. ಹಾರಿಸುವುದು ಸುರಕ್ಷಿತ ಅಂತ ತೋರಿಸಿ ಅಂತ ಕೇಳುವ ಬದಲು, ಅಪಾಯ ಇದೆ ಅಂತ ಸಾಬೀತು ಮಾಡಿ ಅನ್ನುವ ಹಾಗಾಯಿತು. ನಿಮ್ಮ ಆಫೀಸಿನ ಸಭೆಗಳಲ್ಲಿ ಇದನ್ನು ಗಮನಿಸಿ. ಹೌದು ಅನ್ನುವವರಿಗೆ ಒಂದು ಸ್ಲೈಡ್ ಸಾಕಾಗುತ್ತದೆ. ಬೇಡ ಅನ್ನುವವರ ಹತ್ತಿರ ನಲವತ್ತು ಪುಟದ ಪುರಾವೆ ಕೇಳುತ್ತಾರೆ. ಆ ತಕ್ಕಡಿ ಹಾಗೆ ವಾಲಿದ್ದರೆ, ಮಂಡಳಿಯಲ್ಲಿ ಎಷ್ಟು ಸ್ವತಂತ್ರ ನಿರ್ದೇಶಕರಿದ್ದರೂ ಅಷ್ಟೇ.

ಕಾನೂನು ಏನೂ ಮಾಡಿಲ್ಲ ಅಂತಲ್ಲ. ಎನ್ರಾನ್, ವರ್ಲ್ಡ್‌ಕಾಮ್ ಆದ ಮೇಲೆ ಅಮೆರಿಕ 2002ರಲ್ಲಿ ತಂದ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ, ಲೆಕ್ಕಪತ್ರ ಸರಿಯಿದೆ ಅಂತ ಸಿಇಒ ಮತ್ತು ಸಿಎಫ್‌ಒ ತಾವೇ ಸಹಿ ಹಾಕಬೇಕು ಅಂದಿತು. ಭಾರತದ 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್, ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿಗಳಲ್ಲಿ ದೂರು ಹೇಳುವ ವ್ಯವಸ್ಥೆ ಇರಲೇಬೇಕು, ದೂರು ಕೊಟ್ಟವರಿಗೆ ರಕ್ಷಣೆ ಇರಬೇಕು, ಅಗತ್ಯ ಬಿದ್ದರೆ ಅವರು ನೇರವಾಗಿ ಆಡಿಟ್ ಕಮಿಟಿ ಅಧ್ಯಕ್ಷರ ಹತ್ತಿರ ಹೋಗಬಹುದು ಅನ್ನುತ್ತದೆ. ಇದಕ್ಕೆ ಕಾರಣವೂ ಇದೆ. ವಂಚನೆ ಪತ್ತೆ ಮಾಡುವ ವೃತ್ತಿಪರರ ಅಂತರರಾಷ್ಟ್ರೀಯ ಸಂಘಟನೆಯಾದ ಎಸಿಎಫ್‌ಇ 2024ರ ವರದಿಯಲ್ಲಿ ಹೇಳಿದ ಹಾಗೆ, ಅವರು ನೋಡಿದ ಪ್ರಕರಣಗಳಲ್ಲಿ ಶೇ 43ರಷ್ಟು ಹೊರಬಂದದ್ದು ಯಾರೋ ಕೊಟ್ಟ ಸುಳಿವಿನಿಂದ. ಸುಳಿವು ಕೊಟ್ಟವರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಕೆಲಸ ಮಾಡುವವರು. ಹೊರಗಿನ ಆಡಿಟ್ ಹಿಡಿದದ್ದು ಶೇ 3. ಗೇಟಿನಲ್ಲಿ ನಿಂತವರಿಗೆ ಎಲ್ಲಾ ಗೊತ್ತಿರುತ್ತದೆ, ಕೇಳುವವರು ಬೇಕು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡು ಮೂರನ್ನು ಇಲ್ಲಿ ಬರೆಯಲೇಬೇಕು.

ಒಬ್ಬ ಹೆಣ್ಣುಮಗಳು ಕೇಳಿದರು: "ಸರ್, ನನಗೆ ಮನೆ ಸಾಲ ಇದೆ, ಚಿಕ್ಕ ಮಗು ಇದೆ. ಆಗಲ್ಲ ಅಂದ್ರೆ ಕೆಲಸ ಹೋಗುತ್ತೆ. ನಾನೇನು ಮಾಡ್ಲಿ?" ಇದಕ್ಕೆ ಧೈರ್ಯವಾಗಿರಮ್ಮ ಅಂತ ಹೇಳಿ ಕೈ ತೊಳೆದುಕೊಳ್ಳುವುದು ಅನ್ಯಾಯ. ನಾನೇ ಹನ್ನೊಂದು ಲಾರಿಗೆ ಬಾಯಿ ಬಿಡಲಿಲ್ಲ, ನನಗೆ ಆಗ ಸಾಲವೂ ಇರಲಿಲ್ಲ. ಆಗಬಹುದಾದ ಕೆಲವು ಕೆಲಸ ಹೇಳಿದೆ. ಬಾಯಿ ಮಾತಿನಲ್ಲಿ ಬಂದ ಆದೇಶವನ್ನು ಬರಹಕ್ಕೆ ತನ್ನಿ. ಜಗಳ ಆಡಬೇಕಿಲ್ಲ, ಸಂಜೆ ಒಂದು ಮೇಲ್ ಹಾಕಿ: ನೀವು ಹೇಳಿದ್ದು ನನಗೆ ಅರ್ಥವಾದದ್ದು ಹೀಗೆ, ಮಾಲು ಹೋಗುವ ಮೊದಲೇ ಮಾರಾಟ ಅಂತ ಬರೆಯಬೇಕು, ಸರಿಯಾ? ನಾನು ನೋಡಿದ ಹಾಗೆ ಈ ಮೇಲ್‌ಗೆ ಬಹಳ ಸಲ ಉತ್ತರವೇ ಬರುವುದಿಲ್ಲ, ಆ ಆದೇಶವೂ ಮತ್ತೆ ಬರುವುದಿಲ್ಲ. ಒಬ್ಬರೇ ಹೋಗಬೇಡಿ, ಇದೇ ತೊಂದರೆ ಇರುವ ಇನ್ನೊಬ್ಬರು ಪಕ್ಕದಲ್ಲೇ ಇರುತ್ತಾರೆ. ಕಂಪನಿಯ ಕಾಗದಗಳನ್ನು ಹೊರಗೆ ಒಯ್ಯುವ ಮೊದಲು ವಕೀಲರನ್ನು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲನೇ ಸಲವೇ ಹೇಳಿ. ಎರಡನೇ ಸಲ ಹೇಳಲು ಹೋದರೆ, ಮೊದಲನೇ ಸಲ ಯಾಕೆ ಸುಮ್ಮನಿದ್ದಿರಿ ಅಂತ ಕೇಳುತ್ತಾರೆ. ವರ್ಲ್ಡ್‌ಕಾಮ್‌ನಲ್ಲಿ ಆ ಇಬ್ಬರು ರಾಜೀನಾಮೆ ಕೊಡುತ್ತೇವೆ ಅಂದಿದ್ದು ಮೊದಲ ಎಂಟ್ರಿ ಹಾಕಿದ ಮೇಲೆ. ಅವರನ್ನು ಕಟ್ಟಿಹಾಕಿದ್ದು ಅದೇ ಎಂಟ್ರಿ ಅಂತ ನನಗೆ ಅನಿಸುತ್ತದೆ. ಇಷ್ಟೆಲ್ಲಾ ಮಾಡಿದರೂ ಕೆಲಸ ಹೋಗಬಹುದು. ಅದನ್ನು ನಾನು ಮರೆಮಾಚಲಿಲ್ಲ, ಆಕೆಯೂ ತಲೆ ಆಡಿಸಿದರು.

ಇನ್ನೊಬ್ಬರು ನಲವತ್ತು ಜನರ ಕಂಪನಿ ನಡೆಸುವವರು. "ಇದೆಲ್ಲಾ ದೊಡ್ಡವರಿಗೆ. ನಮ್ಮಲ್ಲಿ ನಿರ್ದೇಶಕರು ಅಂದ್ರೆ ನಾನು, ನನ್ನ ಹೆಂಡತಿ, ನನ್ನ ತಮ್ಮ" ಅಂದರು. ನಾನು ಕೇಳಿದ್ದು ಇಷ್ಟು. ನಿಮ್ಮಿಂದ ಸಂಬಳ, ಕಮಿಷನ್, ಉಪಕಾರ ಏನೂ ಪಡೆಯದ, ನಿಮಗೆ ಮುಖಕ್ಕೆ ಮುಖ ಕೊಟ್ಟು ಬೇಡ ಅನ್ನಬಲ್ಲ ಒಬ್ಬ ವ್ಯಕ್ತಿ ನಿಮ್ಮ ಲೆಕ್ಕ ನೋಡುತ್ತಾರಾ? ಬಿಲ್ ತಯಾರಿಸುವವರು, ಒಪ್ಪುವವರು, ಚೆಕ್ ಬರೆಯುವವರು ಒಬ್ಬರೇನಾ? ನಿಮ್ಮ ತಮ್ಮನ ಇನ್ನೊಂದು ಸಂಸ್ಥೆಯಿಂದ ಮಾಲು ಕೊಳ್ಳುವಾಗ ಬೇರೆಯವರ ದರ ಕೇಳುತ್ತೀರಾ? ಅವರು ಮೊದಲನೆಯದಕ್ಕೇ ಸ್ವಲ್ಪ ಹೊತ್ತು ಸುಮ್ಮನಾದರು. ಮೊದಲು ಅಂಥ ಒಬ್ಬರನ್ನು ಹುಡುಕಿಕೊಳ್ಳಿ, ಉಳಿದದ್ದು ನಿಧಾನವಾಗಿ ಆಗುತ್ತದೆ ಅಂದೆ.

ಕೊನೆಯ ಪ್ರಶ್ನೆ ಹೊಸದಾಗಿ ಸ್ವತಂತ್ರ ನಿರ್ದೇಶಕರಾದವರೊಬ್ಬರದು. ಮೂರು ತಿಂಗಳಿಗೊಮ್ಮೆ ದಪ್ಪ ಫೈಲು ಬರುತ್ತದೆ, ಸಭೆ ಮೂರು ಗಂಟೆ, ಇದರಲ್ಲಿ ನಾನು ಏನನ್ನು ನೋಡಲಿ? ನಾನು ಮೂರು ಕೆಲಸ ಮಾಡಿ ಅಂದೆ. ಇಂಟರ್ನಲ್ ಆಡಿಟ್ ಮುಖ್ಯಸ್ಥರ ಜೊತೆ ವರ್ಷದಲ್ಲಿ ಕೆಲವು ಸಲವಾದರೂ ಸಿಇಒ, ಸಿಎಫ್‌ಒ ಯಾರೂ ಇಲ್ಲದ ಕೋಣೆಯಲ್ಲಿ ಕೂತು ಮಾತಾಡಿ. ಹಿಂದಿನ ಎರಡು ವರ್ಷದಲ್ಲಿ ದೂರು ಕೊಟ್ಟವರು ಈಗ ಎಲ್ಲಿದ್ದಾರೆ, ಅದೇ ಕೆಲಸದಲ್ಲಿದ್ದಾರಾ, ಬಡ್ತಿ ಸಿಕ್ಕಿತಾ, ಬಿಟ್ಟುಹೋದರಾ ಅಂತ ಒಂದು ಪಟ್ಟಿ ಕೇಳಿ. ಆಮೇಲೆ ಆಡಿಟ್ ವರದಿ ಬಂದಾಗ, ಅಂತಿಮ ಪ್ರತಿಯ ಜೊತೆ ಮೊದಲನೇ ಕರಡು ಪ್ರತಿಯನ್ನೂ ತರಿಸಿಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಹನ್ನೊಂದು ಲಾರಿಗಳ ಕರಡು ನನ್ನ ಕೈಬರಹದಲ್ಲೇ ಆಡಿಟ್ ವಿಭಾಗದ ಫೈಲಿನಲ್ಲಿ ಇತ್ತು. ಲಾರಿ ನಂಬರುಗಳ ಸಮೇತ. ನಾನು ಆ ಕೆಲಸ ಬಿಡುವವರೆಗೂ ಅದನ್ನು ಯಾರೂ ಕೇಳಲಿಲ್ಲ.